ಅಜ್ಜನ ತೋಟೆಗೆ ಬೆಲೆ ಕಟ್ಟಬೇಡಿ

ಕಾರ್ಕಳದ ನನ್ನಂಥ ಕೃಷಿಕರು ಚುನಾವಣೆ ಬಂದಾಗ ಬೆಳೆ ರಕ್ಷಣೆಯ ಕೋವಿಯನ್ನು ಠಾಣೆಗೆ ಒಪ್ಪಿಸಿ ರಶೀದಿ ತರುವವರು. ಆಗ ತೋಟದಲ್ಲಿ ಹಂದಿಗಳದ್ದೇ ಕಾರುಬಾರು. ಆದರೆ ಸೇನೆಯಲ್ಲಿದ್ದ ಅಜ್ಜನ ಪೆಟ್ಟಿಗೆಯಲ್ಲಿ ಹಳೇ ತೋಟೆ ಸಿಕ್ಕರೆ, "ಎಷ್ಟಕ್ಕೆ ಹೋದೀತು, ಕೊರಿಯರ್ ಮಾಡಬಹುದಾ?" ಎಂದು ಕಾಪು, ಮಣಿಪಾಲದ ನೆಂಟರು ಕೇಳುತ್ತಾರೆ.

ಬೇಡ ಮಾರಾಯ್ರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಹಾರಿಸಲಾಗದ ಪುರಾತನ ಕೋವಿಗೆ ವಿನಾಯಿತಿ ಕೊಟ್ಟಿದೆ. ಸಿಡಿಯಬಲ್ಲ ತೋಟೆಗೆ ಕೊಟ್ಟಿಲ್ಲ. ಪರವಾನಗಿಯಿಲ್ಲದೆ ಇಟ್ಟುಕೊಂಡರೂ ಮಾರಿದರೂ ಅಪರಾಧ. ಅಂಚೆ ಚೀಲದಲ್ಲಿ ಹಾಕಿದರೆ ಪರರ ಜೀವಕ್ಕೂ ಸಂಚಕಾರ.

ಠಾಣೆಗೆ ಒಪ್ಪಿಸಲು 21ನೇ ಕಲಮು ದಾರಿ ತೋರಿಸಿದೆ. ಆದರೂ ಕೇಸಿನ ಹೆದರಿಕೆಗೆ ಜನ ತೋಟೆಯನ್ನು ಬಾವಿಗೆಸೆಯುತ್ತಾರೆ. ಕೋವಿ ಪಡೆಯುವ ಠಾಣೆಯೇ ವರ್ಷಕ್ಕೊಂದು ವಾರ, ಕೇಸಿಲ್ಲದೆ, ಮನೆಗೇ ಬಂದು ತೋಟೆಯನ್ನೂ ಒಯ್ಯಲಿ. ರಶೀದಿ ಪುಸ್ತಕ ಹೇಗೂ ಇದೆ.