ತಣ್ಣೀರಿನ ಪರೀಕ್ಷಕ

ಮೀನನ್ನು ಮೋಸಗೊಳಿಸುವುದು ಸುಲಭವೆಂದು ಭಾವಿಸುವವರು ಗಾಳ ಹಿಡಿದು ಕುಳಿತವರಲ್ಲ. ಕೊಕ್ಕೆಗೆ ಎರೆಹುಳುವನ್ನು ಸಿಕ್ಕಿಸಿದರೆ ಮೀನಿಗೆ ಕಡೆಯ ಪಕ್ಷ ಒಂದು ತುತ್ತಿನ ಆಸೆಯಾದರೂ ಉಂಟು. ಮರದ ತುಂಡೊಂದಕ್ಕೆ ಬಣ್ಣ ಬಳಿದು, ಕಣ್ಣು ಬರೆದು, ಇದೇ ನಿನ್ನ ಊಟವೆಂದು ನಂಬಿಸಬೇಕಾದರೆ ಅದು ಬೇರೆಯ ವಿದ್ಯೆ. ಅಮೆರಿಕದಲ್ಲಿ ಈ ವಿದ್ಯೆ ದೊಡ್ಡದೊಂದು ಉದ್ಯಮವೇ ಆಗಿದೆ. ಅಲ್ಲಿನ ಸರೋವರಗಳಲ್ಲಿಯೂ ಅಣೆಕಟ್ಟಿನ ಜಲಾಶಯಗಳಲ್ಲಿಯೂ ವಾಸಿಸುವ ಬ್ಯಾಸ್ ಎಂಬ ಬೇಟೆಗಾರ ಮೀನಿಗಾಗಿ ವರ್ಷವರ್ಷವೂ ಹೊಸ ಹುಸಿಮೀನುಗಳು ಅಂಗಡಿಗೆ ಬರುತ್ತವೆ. ಇವುಗಳಲ್ಲಿ ಒಂದು ಬಗೆಗೆ 'ಕ್ರ್ಯಾಂಕ್‌ಬೇಟ್' ಎಂದು ಹೆಸರು. ಗಾಳದ ಕೋಲಿನ ರಾಟೆಯನ್ನು ತಿರುವುತ್ತ ಎಳೆಯುವುದರಿಂದ ಈ ಹೆಸರು ಬಂದಿತು.

ಪ್ರತಿಯೊಂದು ಪೆಟ್ಟಿಗೆಯ ಮೇಲೆಯೂ ಹೊಗಳಿಕೆ ತುಂಬಿರುತ್ತದೆ. ಕೊಳ್ಳುವವನು ಯಾವುದನ್ನು ನಂಬಬೇಕು? ಅನುಭವಿಗಳು ಹೇಳುವ ಉತ್ತರ ಒಂದೇ: ಚಳಿಗಾಲದ ನೀರಿನಲ್ಲಿ ಎಳೆದು ನೋಡಿ.

ಇದರ ಮರ್ಮವನ್ನು ತಿಳಿಯಲು ಹುಸಿಮೀನಿನ ರಚನೆಯನ್ನು ಸ್ವಲ್ಪ ನೋಡಬೇಕು. ಅದರ ಮುಂಭಾಗದಲ್ಲಿ ಅಗಲವಾದ ತುಟಿಯೊಂದು ಚಾಚಿರುತ್ತದೆ. ದಾರವನ್ನು ಎಳೆದಾಗ ನೀರು ಈ ತುಟಿಗೆ ಬಡಿದು ಹುಸಿಮೀನನ್ನು ಕೆಳಕ್ಕೆ ಒತ್ತುತ್ತದೆ. ತುಟಿಯ ಎರಡು ಅಂಚುಗಳಲ್ಲಿಯೂ ಸರದಿಯಂತೆ ಸುಳಿಗಳು ಏಳುವುದರಿಂದ ಮೈ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಈ ಓಲಾಟವೇ ಅದರ ಪ್ರಾಣ. ಬಣ್ಣ ಕೊಳ್ಳುವವನ ಕಣ್ಣಿಗೆ, ಓಲಾಟ ಮೀನಿಗೆ. ಮೀನು ತನ್ನ ಮೈಯ ಪಕ್ಕದಲ್ಲಿರುವ ಸೂಕ್ಷ್ಮವಾದ ರೇಖೆಯಿಂದ ನೀರಿನ ಕಂಪನವನ್ನು ಅರಿಯಬಲ್ಲುದು.

ಬೇಸಗೆಯಲ್ಲಿ ಬ್ಯಾಸ್ ಮೀನು ಧಾರಾಳಿ. ನೀರು ಬೆಚ್ಚಗಿರುವಾಗ ಅದರ ಹಸಿವೂ ಹೆಚ್ಚು, ಓಟವೂ ಹೆಚ್ಚು. ಕುಣಿದಾಡುತ್ತ ಬಂದ ಯಾವುದನ್ನಾದರೂ ಅಟ್ಟಿಸಿಕೊಂಡು ಹೋಗುತ್ತದೆ. ಆದರೆ ಮೀನು ಶೀತರಕ್ತದ ಜೀವಿ. ನೀರಿನ ಉಷ್ಣತೆಯೇ ಅದರ ಮೈಯ ಉಷ್ಣತೆ. ನೀರು 10 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ಬ್ಯಾಸ್ ಮಂದವಾಗುತ್ತದೆ. ತಿಂದದ್ದು ಅರಗಲು ಬಹುಕಾಲ ಹಿಡಿಯುತ್ತದೆ. ಒಂದು ತುತ್ತಿಗಾಗಿ ದೂರ ಓಡಿದರೆ ಬರುವುದಕ್ಕಿಂತ ಹೋಗುವುದೇ ಹೆಚ್ಚಾದೀತು. ಆದುದರಿಂದ ಅದು ಜಿಪುಣನಂತೆ ಲೆಕ್ಕಹಾಕುತ್ತದೆ. ನಿಧಾನವಾಗಿ, ಹತ್ತಿರದಲ್ಲಿ ಹಾದುಹೋಗುವ ನಿತ್ರಾಣದ ಬೇಟೆಗೆ ಮಾತ್ರ ಬಾಯಿ ತೆರೆಯುತ್ತದೆ. ದಕ್ಷಿಣದ ಸಂಸ್ಥಾನಗಳ ಜಲಾಶಯಗಳಲ್ಲಿ ಶ್ಯಾಡ್ ಎಂಬ ಬೆಳ್ಳಿಬಣ್ಣದ ಸಣ್ಣ ಮೀನುಗಳು ಚಳಿ ತಾಳಲಾರದೆ ಸಣ್ಣಗೆ ನಡುಗುತ್ತ ತೇಲುವುದುಂಟು. ಆ ನಡುಕವನ್ನು ಹೋಲುವ ಕಿರಿದಾದ ಓಲಾಟವುಳ್ಳ ಹುಸಿಮೀನು ಚಳಿಗಾಲಕ್ಕೆ ತಕ್ಕದ್ದು. ಗಾಳಿ ಬಂದಾಗ ಯಾರಾದರೂ ತೂರಿಕೊಳ್ಳಬಲ್ಲರು. ಬೇಸಗೆಯಲ್ಲಿ ಗೆದ್ದ ಹುಸಿಮೀನು ತಣ್ಣೀರಿನಲ್ಲಿಯೂ ಗೆದ್ದರೆ ಮಾತ್ರ ಅದರ ಯೋಗ್ಯತೆ ತಿಳಿಯುತ್ತದೆ.

ಈ ಮಾತನ್ನು ಮೊದಲು ಬದುಕಿ ತೋರಿಸಿದವನು ಅಮೆರಿಕದವನಲ್ಲ, ಫಿನ್ಲೆಂಡಿನ ಲೌರಿ ರಪಾಲ. 1905ರಲ್ಲಿ ಹುಟ್ಟಿದ ಈತ ಬಡವ; ಚಳಿಗಾಲದಲ್ಲಿ ಮರ ಕಡಿಯುವುದು, ನೀರು ಕರಗಿದ ಮೇಲೆ ಪೈಯಾನೆ ಸರೋವರದಲ್ಲಿ ಮೀನು ಹಿಡಿಯುವುದು, ಇದೇ ಅವನ ಸಂಸಾರದ ಆಧಾರ. ನೂರಾರು ಕೊಕ್ಕೆಗಳಿಗೆ ಜೀವಂತ ಸಣ್ಣ ಮೀನುಗಳನ್ನು ಸಿಕ್ಕಿಸುವುದರಲ್ಲಿಯೇ ದಿನ ಕಳೆಯುತ್ತಿತ್ತು. ದೋಣಿಯಿಂದ ನೀರನ್ನು ನೋಡುತ್ತಿದ್ದಾಗ ಅವನಿಗೆ ಒಂದು ಸಂಗತಿ ಗೋಚರವಾಯಿತು. ದೊಡ್ಡ ಮೀನು ಗುಂಪಿಗೆ ನುಗ್ಗಿದಾಗ ಸಿಕ್ಕಿದ್ದನ್ನು ಹಿಡಿಯುತ್ತಿರಲಿಲ್ಲ; ತುಸು ಕುಂಟುತ್ತ, ವಾರೆಯಾಗಿ ಈಜುವ ಒಂದನ್ನೇ ಆರಿಸಿಕೊಳ್ಳುತ್ತಿತ್ತು.

1936ರಲ್ಲಿ ರಪಾಲ ಚಮ್ಮಾರರ ಚಾಕುವಿನಿಂದ ಬೆಂಡನ್ನು ಕೆತ್ತಿ ಅಂತಹ ಕುಂಟುಮೀನೊಂದನ್ನು ಮಾಡಿದನು. ಹೊಳಪಿಗೆ ಚಾಕಲೇಟಿನ ತಗಡುಕಾಗದ. ಮೇಲಿನ ಲೇಪಕ್ಕೆ, ಮೆರುಗೆಣ್ಣೆ ಕೊಳ್ಳಲು ಹಣವಿಲ್ಲದೆ, ಕರಗಿಸಿದ ಫೋಟೋ ನೆಗೆಟಿವು. ಅವನ ಹುಸಿಮೀನಿಗೆ ಅವನೇ ಪರೀಕ್ಷಕ. ತನ್ನ ಕೈಕೆಲಸವನ್ನು ತಾನೇ ಸುಳ್ಳಾಗಿ ಮೆಚ್ಚಿಕೊಂಡಿದ್ದರೆ ಮನೆಗೆ ಬರಿಯ ಬುಟ್ಟಿ ಹೋಗುತ್ತಿತ್ತು. 1962ರ ಆಗಸ್ಟಿನಲ್ಲಿ, ಮರಿಲಿನ್ ಮನ್ರೋ ತೀರಿಕೊಂಡ ಸಂದರ್ಭದ ಸಂಚಿಕೆಯಲ್ಲಿ, 'ಲೈಫ್' ಪತ್ರಿಕೆ ಅವನ ಹುಸಿಮೀನಿನ ಮೇಲೆ ಲೇಖನ ಪ್ರಕಟಿಸಿತು. ಆ ಸಂಚಿಕೆಯನ್ನು ಕೊಳ್ಳದವರಿಲ್ಲ. ಬೇಡಿಕೆಯ ಪತ್ರಗಳು ಅಮೆರಿಕದಿಂದ ಪ್ರವಾಹವಾಗಿ ಹರಿದುವು. ಆದರೂ ಪ್ರತಿಯೊಂದನ್ನೂ ನೀರಿನಲ್ಲಿ ಎಳೆದು, ನೆಟ್ಟಗೆ ಸಾಗುವುದೇ ಎಂದು ನೋಡಿ ಕಳುಹಿಸುವ ಪದ್ಧತಿಯನ್ನು ಆ ಮನೆಯವರು ಬಿಡಲಿಲ್ಲ. ಬಾಲ್ಸಾ ಎಂಬ ಅತ್ಯಂತ ಹಗುರವಾದ ಮರದಿಂದ ಅವರು ಮುಂದೆ ತಯಾರಿಸಿದ 'ಶ್ಯಾಡ್ ರ್‍ಯಾಪ್' ಎಂಬ ಕ್ರ್ಯಾಂಕ್‌ಬೇಟು ತಣ್ಣೀರಿನ ಬ್ಯಾಸಿಗೆ ಹೆಸರಾಯಿತು. ಮರ ಹಗುರವಾದುದರಿಂದ ಎಷ್ಟು ನಿಧಾನವಾಗಿ ಎಳೆದರೂ ಅದು ಓಲಾಡುತ್ತದೆ.

ಹಾಗಾದರೆ ಹೊಸದೊಂದನ್ನು ಪರೀಕ್ಷಿಸುವ ಕ್ರಮವೇನು? ಮೊದಲು ದೋಣಿಯ ಪಕ್ಕದಲ್ಲಿಯೇ ಎಳೆದು ನೋಡಬೇಕು. ಹುಸಿಮೀನು ಎಡಕ್ಕೆ ವಾಲಿದರೆ ಮೂತಿಯ ಮೇಲಿನ ದಾರದ ಉಂಗುರವನ್ನು ಬಲಕ್ಕೆ ಕೂದಲೆಳೆಯಷ್ಟು ಬಾಗಿಸಬೇಕು. ಬಲಕ್ಕೆ ವಾಲಿದರೆ ಎಡಕ್ಕೆ. ಆಮೇಲೆ, ಹಿಂದೆ ನಂಬಿಕೆಗೆ ಬಂದ ಹಳೆಯದೊಂದನ್ನು ಜೊತೆಗಿಟ್ಟುಕೊಳ್ಳಬೇಕು. ಗಾತ್ರ ಸಮ, ದಾರ ಸಮ, ಆಳ ಸಮ. ಹತ್ತು ಎಸೆತ ಹಳೆಯದಕ್ಕೆ, ಹತ್ತು ಹೊಸದಕ್ಕೆ. ಬೆಳಗ್ಗೆ ಒಂದನ್ನೂ ಮಧ್ಯಾಹ್ನ ಇನ್ನೊಂದನ್ನೂ ಎಸೆದರೆ ಗೆದ್ದದ್ದು ಹುಸಿಮೀನೋ ಮಧ್ಯಾಹ್ನದ ಬಿಸಿಲೋ ತಿಳಿಯದು. ನೀರಿನ ಉಷ್ಣತೆಯನ್ನು ಬರೆದಿಡಬೇಕು. ಮುಖ್ಯವಾಗಿ, ಬರಿದಾಗಿ ಮರಳಿದ ಎಸೆತಗಳನ್ನೂ ಬರೆದಿಡಬೇಕು.

ಇಲ್ಲಿಯೇ ಮನುಷ್ಯನ ಪ್ರಾಮಾಣಿಕತೆಗೆ ಪರೀಕ್ಷೆ. ಚಳಿಗೆ ಬೆರಳು ಮರಗಟ್ಟಿದೆ. ಇಡೀ ದಿನದಲ್ಲಿ ನಾಲ್ಕೇ ಮೀನು. ಮೂರು ಹೊಸದಕ್ಕೆ ಬಿದ್ದಿವೆ. ಹೊಸದೇ ಶ್ರೇಷ್ಠವೆಂದು ಸಾರಿ ಮನೆಗೆ ಹೋಗಲು ಯಾರಿಗಾದರೂ ಮನಸ್ಸಾದೀತು. ಆದರೆ ನಾಣ್ಯವನ್ನು ನಾಲ್ಕು ಸಲ ಚಿಮ್ಮಿದರೆ ಮೂರು ಅಥವಾ ನಾಲ್ಕು ಸಲ ತಲೆಯೇ ಬೀಳುವ ಸಂಭವ 16ರಲ್ಲಿ 5. ಎರಡು ಹುಸಿಮೀನುಗಳೂ ಸರಿಸಮವಾಗಿದ್ದರೂ ಇಂತಹ ದಿನಗಳು ಮೇಲಿಂದ ಮೇಲೆ ಬರುತ್ತವೆ. ಒಂದು ಋತುವಿನ ಲೆಕ್ಕವಿಲ್ಲದೆ ಮಾತನಾಡುವುದು ಜಾಹೀರಾತೇ ಹೊರತು ಪರೀಕ್ಷೆಯಲ್ಲ. ಹುಸಿಮೀನನ್ನು ತಯಾರಕರಿಂದ ಕಾಣಿಕೆಯಾಗಿ ಪಡೆದು ಹೊಗಳುವವನಿಗೆ ತಪ್ಪು ತೀರ್ಪಿನಿಂದ ನಷ್ಟವಿಲ್ಲ; ನಷ್ಟ ಅದನ್ನು ಓದಿ ಹಣ ತೆರುವವನಿಗೆ. ರಪಾಲನಿಗೆ ಹಾಗಿರಲಿಲ್ಲ. ತಣ್ಣೀರಿನ ಬ್ಯಾಸಿಗೂ ಹಾಗಿಲ್ಲ.

ಮೀನಿನ ಮಾತೇ ಒಲ್ಲದ ಮನೆಯ ವಾಚಕರು ಇಷ್ಟುಹೊತ್ತಿಗೆ ಹುಬ್ಬು ಗಂಟಿಕ್ಕಿರಬಹುದು. ಬ್ಯಾಸ್ ಬೇಟೆಯ ಪಂದ್ಯಗಳನ್ನು ಜನಪ್ರಿಯಗೊಳಿಸಿದ ರೇ ಸ್ಕಾಟ್ ಎಂಬಾತ 1972ರಲ್ಲಿಯೇ ಹಿಡಿದ ಮೀನನ್ನು ಕೊಲ್ಲದೆ ನೀರಿಗೆ ಬಿಡಬೇಕೆಂಬ ಪ್ರಚಾರವನ್ನು ಆರಂಭಿಸಿದನೆಂದು ಅವರಿಗೆ ತಿಳಿಸಬಹುದು. ಕೊಕ್ಕೆಯ ನೋವು ಅದರಿಂದ ಇಲ್ಲವಾಗದು, ಜೀವ ಉಳಿದೀತು.

ಗಾಳ ಹಿಡಿಯದವರಿಗೂ ಇದರಲ್ಲಿ ಒಂದು ಉಪಯೋಗವುಂಟು. ಔಷಧವಾಗಲಿ, ಒಲೆಯಾಗಲಿ, ಹೊಸದೊಂದರ ಹೊಗಳಿಕೆ ಕಿವಿಗೆ ಬಿದ್ದಾಗ ಎರಡು ಪ್ರಶ್ನೆ ಕೇಳಿ ನೋಡಿ: ಇದರ ಬರಿದಾದ ಎಸೆತಗಳನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ? ತೀರ್ಪು ತಪ್ಪಾದರೆ ತೀರ್ಪುಕೊಟ್ಟವನ ಗಂಟಿನಿಂದ ಏನಾದರೂ ಹೋಗುತ್ತದೆಯೇ?