ಹೆಸರಿನಲ್ಲಿ ಹಾಲು, ಲೋಟದಲ್ಲಿ ಸ್ಟೌಟ್

ಸರಕಿನ ಹೆಸರು ತಯಾರಕನು ಗ್ರಾಹಕನಿಗೆ ನೀಡುವ ಮೊದಲ ವಚನ. ಆ ವಚನವು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಮಿಲ್ಕ್ ಸ್ಟೌಟ್ ಎಂಬ ಬಿಯರಿನ ಚರಿತ್ರೆ ಉತ್ತಮ ನಿದರ್ಶನವಾಗಿದೆ.

ಇಂಗ್ಲೆಂಡಿನ ಕೆಂಟ್ ಪ್ರಾಂತದ ಹೈತ್ ಪಟ್ಟಣದ ಮ್ಯಾಕಿಸನ್ ಸಂಸ್ಥೆಯು 20ನೇ ಶತಮಾನದ ಮೊದಲ ದಶಕದಲ್ಲಿ ಈ ಬಿಯರನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿರುವುದು ಹಾಲಲ್ಲ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್. ಬಿಯರಿನ ಯೀಸ್ಟ್ ಮಾಲ್ಟಿನ ಸಕ್ಕರೆಯನ್ನು ಹುದುಗಿಸಿ ಮದ್ಯಸಾರವನ್ನಾಗಿಸುತ್ತದೆಯಾದರೂ ಲ್ಯಾಕ್ಟೋಸನ್ನು ಹುದುಗಿಸಲಾರದು. ಆದ್ದರಿಂದ ಅದು ಪಾನೀಯದಲ್ಲಿಯೇ ಉಳಿಯುತ್ತದೆ.

ಇದರ ಫಲ ನಾಲಿಗೆಗೆ ಸ್ಪಷ್ಟ. ಬಣ್ಣ ಹೆಚ್ಚುಕಡಿಮೆ ಕಪ್ಪು, ನೊರೆ ಕಂದು. ಹುರಿದ ಮಾಲ್ಟಿನಿಂದಾಗಿ ಕಾಫಿ, ಚಾಕೊಲೇಟುಗಳ ಪರಿಮಳ. ಲ್ಯಾಕ್ಟೋಸಿನ ಸಿಹಿ ಸಾಮಾನ್ಯ ಸಕ್ಕರೆಯ ಸುಮಾರು ಐದನೇ ಒಂದರಷ್ಟು ಮಾತ್ರ. ಅದು ಕಹಿಯನ್ನು ಅಳಿಸದೆ ಮೃದುಗೊಳಿಸುತ್ತದೆ, ಪಾನೀಯಕ್ಕೆ ಮಂದತೆ ಕೊಡುತ್ತದೆ. ಅತಿಯಾಗಿ ತಣಿಸಿದರೆ ಪರಿಮಳವೂ ಮಂದತೆಯೂ ಮರೆಯಾಗುವುದರಿಂದ ಸ್ವಲ್ಪ ಹೊತ್ತು ಬಿಟ್ಟು ಸವಿಯುವುದು ಲೇಸು. ಅಮೆರಿಕದ ಕೊಲರಾಡೋದ ಲೆಫ್ಟ್ ಹ್ಯಾಂಡ್ ಸಂಸ್ಥೆ 2011ರಲ್ಲಿ ಸಾರಜನಕ ತುಂಬಿದ ಬಾಟಲಿಯನ್ನು ತಂದು ಈ ನುಣುಪನ್ನು ಇನ್ನಷ್ಟು ಹೆಚ್ಚಿಸಿತು.

ತಕರಾರು ಹುಟ್ಟಿದ್ದು ರುಚಿಯಲ್ಲಲ್ಲ, ಹೆಸರಿನಲ್ಲಿ. ಹಾಲಿನ ಹೆಸರು ಪುಷ್ಟಿಯ ಭಾವನೆ ಮೂಡಿಸಿತು. ಪ್ರಚಾರವೂ ಅದನ್ನೇ ನೆಚ್ಚಿತು. ಕೊನೆಗೆ 1946ರಲ್ಲಿ ಬ್ರಿಟನ್ನಿನ ತಯಾರಕರು ‘ಹಾಲು’ ಎಂಬ ಪದವನ್ನು ಲೇಬಲಿನಿಂದ ಕೈಬಿಡಬೇಕಾಯಿತು. ಮ್ಯಾಕಿಸನ್ ಹಾಲಿನ ಕ್ಯಾನಿನ ಚಿತ್ರವನ್ನು ಉಳಿಸಿಕೊಂಡು ವ್ಯಾಪಾರ ಮುಂದುವರಿಸಿತು.

ಪುಷ್ಟಿಯ ಸೋಗನ್ನು ತಡೆದದ್ದು ಸರಿಯೇ. ಆದರೆ ಪದವನ್ನೇ ಅಳಿಸಿದ್ದು ಪೂರ್ಣ ಪರಿಹಾರವಲ್ಲ. ಹಾಲಿನ ಸಕ್ಕರೆ ಜೀರ್ಣವಾಗದವರು ಅನೇಕರಿದ್ದಾರೆ; ಹಾಲಿನ ಅಲರ್ಜಿಯುಳ್ಳವರೂ ಇದ್ದಾರೆ. ಗ್ರಾಹಕನ ರಕ್ಷಣೆಗೆಂದು ತೆಗೆದ ಪದವೇ ಇವರಿಗೆ ಅತ್ಯಗತ್ಯವಾದ ಎಚ್ಚರಿಕೆ.

ನಮ್ಮ ಉದ್ದಿಮೆದಾರರಿಗೂ ಇದು ದೂರದ ಸಂಗತಿಯಲ್ಲ. ಸೋಯಾ, ಬಾದಾಮಿ ಮುಂತಾದ ಸಸ್ಯಜನ್ಯ ಪಾನೀಯಗಳನ್ನು ‘ಹಾಲು’ ಎಂಬ ಹೆಸರಿನಲ್ಲಿ ಮಾರದಂತೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2021ರಲ್ಲಿ ಆನ್‌ಲೈನ್ ಮಾರಾಟ ಸಂಸ್ಥೆಗಳ ಮೇಲೆ ಕ್ರಮ ಕೈಗೊಂಡಿತು. ಅಲ್ಲಿ ಹಾಲಿನ ಅಂಶವೇ ಇಲ್ಲ. ಮಿಲ್ಕ್ ಸ್ಟೌಟಿನಲ್ಲಿ ಇದೆ. ಈ ವ್ಯತ್ಯಾಸವನ್ನು ಗಮನಿಸದ ನಿಯಮ ನ್ಯಾಯವಾಗದು, ಗಮನಿಸದ ತಯಾರಕನಿಗೆ ಉಳಿಗಾಲವಿಲ್ಲ. ಹೆಸರು ಬದಲಿಸಬೇಕಾಗಿ ಬಂದಾಗ ಮುದ್ರಿಸಿಟ್ಟ ಹೊದಿಕೆಗಳ ದಾಸ್ತಾನು, ಮಾಡಿದ ಪ್ರಚಾರದ ವೆಚ್ಚ ಎರಡೂ ನಷ್ಟದ ಬಾಬ್ತಿಗೆ ಸೇರುತ್ತವೆ. ಸಣ್ಣ ಘಟಕಕ್ಕೆ ಇದು ಒಂದು ವರ್ಷದ ಲಾಭವನ್ನೇ ನುಂಗಬಹುದು.

ಆದಕಾರಣ ಹೆಸರು ರುಚಿಯನ್ನು ಹೇಳಲಿ, ಅದರ ಕೆಳಗಿನ ಸಾಲು ಘಟಕಾಂಶವನ್ನು ಸ್ಪಷ್ಟವಾಗಿ ಹೇಳಲಿ. ಆರೋಗ್ಯದ ಆಶ್ವಾಸನೆಯನ್ನು ಪುರಾವೆಯಿಲ್ಲದೆ ಯಾರೂ ಮುದ್ರಿಸದಿರಲಿ. ಒಳ್ಳೆಯ ಸ್ಟೌಟಿಗೆ ಪುಷ್ಟಿಯ ಪ್ರಮಾಣಪತ್ರ ಬೇಕಿಲ್ಲ. ಅದರ ಯೋಗ್ಯತೆಯನ್ನು ಮೊದಲ ಗುಟುಕೇ ತಿಳಿಸುತ್ತದೆ.