ಸುಕ್ರಜ್ಜಿ ಬರೀ ಹಾಡುಗಾರ್ತಿಯಲ್ಲ

ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರನ್ನು ಹಾಡುಗಾರ್ತಿ ಎಂದು ಹೊಗಳುವ ಕೆಲವರು ಆ ಹೊಗಳಿಕೆಯಲ್ಲೇ ಅವರ ಹೋರಾಟವನ್ನು ಅಳಿಸುತ್ತಾರೆ. ಇಂಥವರ ವಾದಗಳನ್ನು ಓದುಗರ ಮುಂದಿಡುತ್ತೇನೆ, ತೂಗಿ ನೋಡಿ.

‘ಸಾರಾಯಿ ವಿರುದ್ಧ ನಿಂತದ್ದು ಮನೆಯ ದುಃಖದಿಂದ, ಅದೇನು ರಾಜ್ಯನೀತಿಯೇ?’ ಎನ್ನುತ್ತಾರೆ. ಗಂಡನನ್ನೂ ಸಾಕುಮಗನನ್ನೂ ಕುಡಿತಕ್ಕೆ ಕಳಕೊಂಡದ್ದು ನಿಜ. ಆ ದುಃಖವನ್ನು ಅವರು ಒಲೆಯ ಮುಂದೆ ಕೂತು ನುಂಗಲಿಲ್ಲ; ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ಮಾರಾಟಕ್ಕೆ ಅಡ್ಡ ನಿಂತರು. ಅವರ ಸಮುದಾಯವಾದ ಹಾಲಕ್ಕಿಗಳಲ್ಲಿ ನ್ಯಾಯ ಹೇಳುವ ಗೌಡ, ಬುಧವಂತ, ಕೋಲಕಾರ ಎಲ್ಲರೂ ಗಂಡಸರೇ. ಅಲ್ಲಿ ಕೊರಳ ತುಂಬ ಮಣಿಸರ, ರವಿಕೆಯಿಲ್ಲದೆ ಕಟ್ಟಿದ ಸೀರೆ, ಓದುಬರಹ ಬಾರದ ಈ ವಿಧವೆ ಮುಂದೆ ನಿಂತರು. ಮದ್ಯ ನಿಷೇಧಕ್ಕೆ ಸರ್ಕಾರ ಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಅಜ್ಜಿ ಕೇಳಿದ್ದೂ ಅದನ್ನೇ. ಬರೆದರೆ ನೀತಿ, ಬಡಗೇರಿಯ ಹೆಂಗಸು ಕೇಳಿದರೆ ಬರೀ ದುಃಖವೇ?

‘ಜನ ಈಗಲೂ ಕುಡಿಯುತ್ತಾರೆ, ಚಳವಳಿ ಸೋತಿತು.’ 2007ರ ಜುಲೈಯಲ್ಲಿ ರಾಜ್ಯ ಸರ್ಕಾರವೇ ಸಾರಾಯಿ ನಿಷೇಧಿಸಿತು. ಆ ಜಾಗಕ್ಕೆ ಅಗ್ಗದ ಮದ್ಯ ಬಂತು. ಬಜೆಟ್ಟಿನಲ್ಲಿ ವರ್ಷವರ್ಷವೂ ಅಬಕಾರಿ ವರಮಾನದ ಗುರಿ ಇಡುವವರು ಯಾರು? ಅವರ ಸೋಲನ್ನು ಅಜ್ಜಿಯ ತಲೆಗೆ ಕಟ್ಟಬೇಡಿ.

ಮೂರನೆಯದು ಎಲ್ಲಕ್ಕಿಂತ ಟೊಳ್ಳು: ‘ಪದ್ಮಶ್ರೀ ಬಂತಲ್ಲ, ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ರಾಜಕೀಯ ಯಾಕೆ?’ ಪಂಗಡ ಗುರುತಿಸಲು 1965ರ ಲೋಕೂರ್ ಸಮಿತಿ ಐದು ಲಕ್ಷಣ ಹೇಳಿತು. ವಿಶಿಷ್ಟ ಸಂಸ್ಕೃತಿ ಅದರಲ್ಲೊಂದು. ಉತ್ಸವ ಬಂದರೆ ಹಾಲಕ್ಕಿಗಳ ಸುಗ್ಗಿ ಕುಣಿತ ಬೇಕು, ಮಣಿಸರ ತೊಟ್ಟ ಅಜ್ಜಿಯ ಫೋಟೋ ಬೇಕು, ‘ನಮ್ಮ ಜಿಲ್ಲೆಯ ಅಪರೂಪದ ಬುಡಕಟ್ಟು’ ಎಂಬ ಭಾಷಣ ಬೇಕು. ಅದೇ ಹಾಲಕ್ಕಿಗಳು ಹಕ್ಕು ಕೇಳಿದ ಕೂಡಲೇ ಬುಡಕಟ್ಟು ಎಂಬ ಮಾತು ಬಾಯಿಂದ ಮಾಯ. ವೇದಿಕೆಯಲ್ಲಿ ಆಡಿದ್ದು ಸುಳ್ಳೋ, ಈಗ ಆಡುತ್ತಿರುವುದು ಸುಳ್ಳೋ? ಎರಡೂ ನಿಜವಾಗಲು ಸಾಧ್ಯವಿಲ್ಲ. 2017ರಲ್ಲಿ ಸುಕ್ರಜ್ಜಿಗೆ, 2020ರಲ್ಲಿ ಅದೇ ಸಮುದಾಯದ ಹೊನ್ನಳ್ಳಿಯ ತುಳಸಿ ಗೌಡರಿಗೆ ಪದ್ಮಶ್ರೀ ಘೋಷಿಸಿದ್ದು ದಿಲ್ಲಿ. ಸಂವಿಧಾನದ 342ನೇ ವಿಧಿಯ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಹೆಸರು ಸೇರಬೇಕಾದದ್ದೂ ದಿಲ್ಲಿಯಲ್ಲೇ. ಸುಕ್ರಜ್ಜಿಯ ಸ್ಮರಣೆಗೆ ಮುಂದಿನ ಸಲ ವೇದಿಕೆ ಹತ್ತುವವರು ಆ ಬೇಡಿಕೆ ಎಲ್ಲಿಗೆ ಬಂತೆಂದು ಮೊದಲು ಹೇಳಲಿ, ಹೂಮಾಲೆ ಆಮೇಲೆ ಹಾಕಲಿ.